ಬಲಗಡೆ ಒಂದೇ ಚುಕ್ಕಿ

ವಸ್ತುಸಂಗ್ರಹಾಲಯದ ಕೀಟದ ಕೋಣೆಯಲ್ಲಿ ನನ್ನ ಕೆಲಸ ಚೀಟಿ ಬರೆಯುವುದು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸಿಕ್ಕಿದ ಕೆಲಸ. ಚಿಟ್ಟೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಹಾರುತ್ತದೆ ಎಂಬುದಷ್ಟೇ. ನಮ್ಮಲ್ಲಿರುವವು ಅದನ್ನೂ ಮಾಡುವುದಿಲ್ಲ.

ಚಿಟ್ಟೆ ನಿಜವಾಗಿ ಗೊತ್ತಿದ್ದದ್ದು ಕಿಟಕಿ ಪಕ್ಕದ ಮೇಜಿನ ರಫೂ ಅತ್ತೆಗೆ. ಯಾರಿಗೂ ಸ್ವಂತ ಅತ್ತೆಯಲ್ಲ; ಎಲ್ಲರನ್ನೂ ಬೈಯುವ ಹಕ್ಕಿದ್ದರಿಂದ ಅತ್ತೆ. ಮೊದಲು ಅಂಗಡಿಯೊಂದರಲ್ಲಿ ಹರಿದ ಕೋಟುಗಳಿಗೆ ರಫೂ ಹಾಕುತ್ತಿದ್ದರು. ಮೂವತ್ತು ವರ್ಷದ ಹಿಂದೆ ಇಲ್ಲಿಯ ಪರದೆ ಹೊಲಿಯಲು ಬಂದವರು, ಮುರಿದ ರೆಕ್ಕೆಯೊಂದನ್ನು ಕೂದಲೆಳೆಯಷ್ಟು ಅಂಟಿನಲ್ಲಿ ಕೂಡಿಸಿ ಕೊಟ್ಟು ಇಲ್ಲೇ ಉಳಿದುಬಿಟ್ಟರು.

ನಮ್ಮಲ್ಲಿ ಎರಡು ಜಾತಿಯ ಕಿತ್ತಳೆ ಚಿಟ್ಟೆಗಳಿವೆ. ಒಂದು ಕಹಿ, ತಿಂದ ಹಕ್ಕಿ ಕಕ್ಕುತ್ತದೆ. ಇನ್ನೊಂದರ ಹೆಣ್ಣು ಕಹಿಯಲ್ಲ, ಆದರೆ ಅದೇ ಬಣ್ಣ, ಅದೇ ಕಪ್ಪು ಅಂಚು ತೊಟ್ಟು ಹಕ್ಕಿಗಳನ್ನು ಏಮಾರಿಸುತ್ತದೆ. ಥೇಟ್ ನನ್ನ ಹಾಗೆ. ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡಿದ್ದರಿಂದ ಜನ ನನ್ನನ್ನು ತಜ್ಞ ಅಂದುಕೊಳ್ಳುತ್ತಿದ್ದರು.

"ಮುಖ ನೋಡಿ ಮರುಳಾಗ್ಬೇಡ ಕಣೋ" ಎಂದು ಅತ್ತೆ ನೂರು ಸಲ ಹೇಳಿದ್ದರು. "ಹಿಂದಿನ ರೆಕ್ಕೆ ನೋಡು. ನಡುವೆ ಮೂರೋ ನಾಲ್ಕೋ ಚುಕ್ಕಿ ಇದ್ರೆ ಕಹಿ. ಮೇಲಂಚಲ್ಲಿ ಒಂದೇ ಇದ್ರೆ ವೇಷಗಾತಿ."

ಅತ್ತೆ ಕಣ್ಣಿನ ಪೊರೆ ತೆಗೆಸಲು ಒಂದು ವಾರ ರಜೆ ಹಾಕಿದರು. ಆ ವಾರವೇ ನಾನು ಸೀನಿದೆ. ಕಹಿಯೊಂದರ ಬಲ ಹಿಂದಿನ ರೆಕ್ಕೆ ಹಾರಿಬಿದ್ದು ನನ್ನ ಕಾಲಡಿಯೇ ಪುಡಿಯಾಯಿತು. ಹಳೆಯ ಡಬ್ಬಿಯಿಂದ ಇನ್ನೊಂದು ಕಿತ್ತಳೆ ರೆಕ್ಕೆ ತೆಗೆದು ಅಂಟಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಚುಕ್ಕಿ ಎಣಿಸುವ ವ್ಯವಧಾನ ಯಾರಿಗಿತ್ತು?

ಅತ್ತೆ ಕೆಲಸಕ್ಕೆ ಮರಳಿದಾಗ ಹೊಸ ಸಾಹೇಬರಿಗೆ ಅವರ ಕಣ್ಣಿನ ಮೇಲೆ ಅನುಮಾನ. "ಚೀಟಿ ತೆಗೆದು ಇಪ್ಪತ್ತು ಕಿತ್ತಳೆ ಚಿಟ್ಟೆ ಇಡ್ತೀನಮ್ಮ, ಕಹಿ ಯಾವುದು ವೇಷ ಯಾವುದು ಬೇರೆ ಮಾಡಿ. ಒಂದು ತಪ್ಪಿದ್ರೂ ಬಾಗಿಲ ಹತ್ರ ಚೀಲ ಕಾಯೋ ಕೌಂಟರಿಗೆ ಹೋಗ್ಬೇಕು" ಅಂದರು. ವರ್ಗಾವಣೆ ಆದೇಶವನ್ನು ಮುಂಚೆಯೇ ಟೈಪ್ ಮಾಡಿಸಿದರು. ಟೈಪ್ ಮಾಡಿದವನು ನಾನೇ. ಅತ್ತೆ ಬಗ್ಗಿ ನೋಡಿ, "ಕಾಗುಣಿತನಾದ್ರೂ ಸರಿಯಾಗಿ ಬರಿ ಮಹಾರಾಯ" ಅಂದರು.

ಮರುದಿನ ಸಾಹೇಬರು ತಟ್ಟೆ ತಂದಿಟ್ಟರು. ಮೂಲೆಯಲ್ಲಿ ನನ್ನ ಕೈಚಳಕ ಅಂಟಿನ ಸಮೇತ ಮಿರಿಮಿರಿ ಮಿಂಚುತ್ತಿತ್ತು.

ಅತ್ತೆ ಹತ್ತೊಂಬತ್ತನ್ನು ಅವರೆಕಾಳು ಬಿಡಿಸಿದಷ್ಟು ಸಲೀಸಾಗಿ ಎರಡು ಸಾಲು ಮಾಡಿದರು. ಇಪ್ಪತ್ತನೆಯದರ ಮೇಲೆ ಕೈ ನಿಂತಿತು.

"ಇದು ಯಾವ ಸಾಲಿಗೂ ಬರಲ್ಲ ಸಾಹೇಬ್ರೇ."

"ನಾನು ಹೇಳ್ಲಿಲ್ವಾ? ಅದು ಕಹಿ. ಚೀಟಿ ನನ್ನ ಹತ್ರಾನೇ ಇದೆ!"

"ಎಡಗಡೆ ಮೂರು ಚುಕ್ಕಿ. ಬಲಗಡೆ ಒಂದೇ. ಅರ್ಧ ಕಹಿ, ಅರ್ಧ ವೇಷ, ಮಧ್ಯೆ ಒಂದು ಬಾಟಲಿ ಅಂಟು."

ಸಾಹೇಬರು ನನ್ನ ಭೂತಗನ್ನಡಿ ಕಿತ್ತುಕೊಂಡು ನೋಡಿದರು. ಕಿವಿ ಕೆಂಪಾಯಿತು. "ಯಾರು ಮಾಡಿದ್ದು ಇದನ್ನ?"

"ಚಿಟ್ಟೆ ಗುರುತು ಕೇಳಿದ್ರಿ, ಹೇಳ್ದೆ. ಮನುಷ್ಯರ ಗುರುತು ನನ್ನ ಕೆಲ್ಸ ಅಲ್ಲ" ಎಂದು ಅತ್ತೆ ಕಿಟಕಿಯತ್ತ ತಿರುಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ವಂಶ ನನ್ನದು. ಹೆಬ್ಬೆರಳ ಉಗುರಲ್ಲಿ ಒಣಗಿದ್ದ ಅಂಟನ್ನು ಕೆರೆಯತೊಡಗಿದ್ದೆ. ಸಾಹೇಬರು ಅದನ್ನೇ ನೋಡುತ್ತಿದ್ದರು. "ನಾನೇ ಸಾರ್" ಎಂದೆ. ಅದನ್ನು ಧೈರ್ಯ ಅಂತ ಯಾರೂ ತಪ್ಪು ತಿಳಿಯಬಾರದು.

ಸಾಹೇಬರು ಕಾಗದ ಹಾಳು ಮಾಡುವವರಲ್ಲ. ಅದೇ ಆದೇಶದಲ್ಲಿ ಅತ್ತೆಯ ಹೆಸರು ಹೊಡೆದು ನನ್ನದು ಬರೆದರು.

ಈಗ ಬಾಗಿಲ ಕೌಂಟರಿನಲ್ಲಿ ನಾನಿದ್ದೇನೆ. ಮೊದಲ ದಿನವೇ ಎರಡು ಕಪ್ಪು ಚೀಲ ಅದಲುಬದಲು ಮಾಡಿದೆ. ಸುದ್ದಿ ಕೀಟದ ಕೋಣೆಗೆ ಹೇಗೆ ಮುಟ್ಟಿತೋ, ಅತ್ತೆ ಮೆಟ್ಟಿಲಿಳಿದು ಬಂದರು.

"ಚೀಲದಲ್ಲೂ ಮುಖ ನೋಡಿ ಮರುಳಾದ್ಯಾ? ನಾಳೆ ಊಟ ಮುಗಿಸಿ ಮೇಲೆ ಬಾ. ರೆಕ್ಕೆ ಕೂಡಿಸೋದು ಕಲಿಸ್ತೀನಿ."

"ನಿಜವಾಗ್ಲೂ ಅತ್ತೆ?"

"ಅಂಟು ಆಮೇಲೆ. ಮೊದ್ಲು ಮೂರರ ತನಕ ಎಣಿಸೋದು."