ಶಿವನ ತಲೆಗೇರಿದ ನನ್ನ ಬೀಜದ ಕಾಯಿ

...ನಿನ್ನೆ ಫೋಟೊ ಹಾಕಿದ್ದೆನಲ್ಲ ಗೆಳೆಯರೇ, ದತ್ತೂರಿಯಂಥದೇ ತುತ್ತೂರಿ ಹೂ ಬಿಡುವ ಆ ಏಂಜೆಲ್ಸ್ ಟ್ರಂಪೆಟ್‌ನ ಕಾಯಿ ಇವತ್ತು ಗಿಡದಲ್ಲಿಲ್ಲ. ನನ್ನಾಕೆ ಬೆಳೆಸಿದ್ದ ಗುಲಾಬಿ ಬಣ್ಣದ ಹೂವಿನ ಗಿಡ, ಅವಳು ತೀರಿಹೋದ ಮೇಲೆ ದೆಹಲಿ ಪಕ್ಕದ ಈ ಇಂದಿರಾಪುರಂ ಬಿಸಿಲಿಗೆ ಒಣಗಿಹೋಯಿತು. ಅದರ ಕೊನೆಯ ಹೂವಿನ ಪರಾಗವನ್ನು ಇನ್ನೊಂದು ಗಿಡದ ಬಿಳಿ ಹೂವಿಗೆ ಬ್ರಷ್‌ನಲ್ಲಿ ಸವರಿ ಕಟ್ಟಿಸಿದ ಒಂದೇ ಕಾಯಿ ಅದು. ಶ್ರಾವಣ ಸೋಮವಾರವೆಂದು ಎದುರು ಮನೆಯಾಕೆ ದತ್ತೂರಿ ಕಾಯಿಯೆಂದು ಅದನ್ನು ಕಿತ್ತು ಶಿವಲಿಂಗಕ್ಕೆ ಏರಿಸಿ ಬಂದಿದ್ದಾರೆ.

"ಅಂಕಲ್‌ಜೀ, ಧತೂರಾ ಹೀ ತೋ ಥಾ."

"ಮೇಡಂ, ಧತೂರಾ ಹ್ಯಾಸ್ ಥಾರ್ನ್ಸ್. ದಿಸ್ ಈಸ್ ಮೈ ವೈಫ್ಸ್ ಲಾಸ್ಟ್ ಸೀಡ್."

"ಅಚ್ಛಾ? ಫಿರ್ ತೋ ಪುಣ್ಯ ಆಪ್ ಕೋ ಭೀ ಮಿಲೇಗಾ."

ಪುಣ್ಯ ನನಗೂ ಸಿಗುತ್ತದಂತೆ! ಮೈಯೆಲ್ಲ ಉರಿದುಹೋಯಿತು. ದೇವಸ್ಥಾನಕ್ಕೆ ಓಡಿದರೆ, ಭಕ್ತರು ಏರಿಸಿದ್ದನ್ನೆಲ್ಲ ಪೂಜಾರಿ ಮೂರು ಗೋಣಿಚೀಲಕ್ಕೆ ತುಂಬಿಸಿದ್ದಾರೆ. "ಢೂಂಢ್ ಲೋ", ಹುಡುಕಿಕೊಳ್ಳಿ ಎಂದರು. ಅಲ್ಲೇ ಹಿತ್ತಲಲ್ಲಿ ಕೂತು ಎರಡು ಚೀಲ ಜಾಲಾಡಿದೆ, ಬರೀ ದತ್ತೂರಿ. ಎದುರು ಮನೆಯಾಕೆಯನ್ನು ಇನ್ನೂ ಬೈಯುವುದಿತ್ತು, ಆದರೆ ಬೆಳಕು ಇಳಿಯುತ್ತಿದೆ, ಮೂರನೆಯ ಚೀಲ ಬಾಕಿಯಿದೆ.