ಆಂಟಿ ಕೊಡದ ಅಣಬೆ ಮದ್ದು

ಆಂಟಿಯ ಬಲಗೈ ಹೆಬ್ಬೆರಳು ಸದಾ ಸ್ವಲ್ಪ ಊದಿಕೊಂಡೇ ಇರುತ್ತಿತ್ತು. ಲ್ಯಾಬಿನಲ್ಲಿ ವರ್ಷಗಟ್ಟಲೆ ಪಿಪೆಟ್ ಒತ್ತಿ, ಹನಿ ಹನಿಯಾಗಿ ದ್ರವ ಎಳೆದು ಬಿಟ್ಟ ಬೆರಳು ಅದು. ಚಪಾತಿ ಲಟ್ಟಿಸುವಾಗ ಅದೊಂದನ್ನು ಮೇಲೆತ್ತಿಕೊಂಡು ಉಳಿದ ಬೆರಳುಗಳಲ್ಲೇ ಲಟ್ಟಣಿಗೆ ಓಡಿಸುತ್ತಿದ್ದರು. ಅವರ ಚಪಾತಿ ದುಂಡಗಾದದ್ದನ್ನು ನಾನಂತೂ ನೋಡಿಲ್ಲ.

ಅಮೆರಿಕದ ಏಪೆಕ್ಸ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಮಂಗಳೂರಿನ ಕ್ಯಾಥೊಲಿಕ್ ಮನೆತನ. ಇಲ್ಲಿ ಒಬ್ಬರೇ ಇದ್ದರು. ಅಣಬೆಯಿಂದ ತೆಗೆದ ವಸ್ತುಗಳು ಕರುಳಿನ ಉರಿಯೂತ ಇಳಿಸುತ್ತವೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುವುದು ಅವರ ಕೆಲಸ. ನನಗೋ ಅದೇ ಕಾಯಿಲೆ: ದೊಡ್ಡ ಕರುಳಿನ ತುಂಬ ಹುಣ್ಣು, ಕಕ್ಕಸಿಗೆ ಹೋದಾಗಲೆಲ್ಲ ರಕ್ತ. ಇಂಥ ನೆರೆಮನೆ ಸಿಕ್ಕಿದ್ದು ದೇವರ ದಯೆ ಎಂದು ಮೈಸೂರಿನಿಂದ ಬಂದಿದ್ದ ಅಮ್ಮ ನಂಬಿಬಿಟ್ಟಳು.

ಆಂಟಿ ತಮ್ಮ ಕೆಲಸದ ಬಗ್ಗೆ ಮಾತಾಡುವುದರಲ್ಲಿ ಮಹಾ ಜಿಪುಣಿ. ಪ್ರಯೋಗ ಚೆನ್ನಾಗಿ ಬಂತಾ ಎಂದು ಕೇಳಿದರೆ, "ಬಂದ ಹಾಗೆ ಉಂಟು, ಇನ್ನೊಮ್ಮೆ ಮಾಡಿ ನೋಡ್ಬೇಕು" ಎನ್ನುತ್ತಿದ್ದರು. ಗಂಜಿಯ ವಿಷಯದಲ್ಲಿ ಮಾತ್ರ ಧಾರಾಳ ಕೈ. ನನ್ನ ಹೊಟ್ಟೆ ಕೆಟ್ಟ ದಿನ ತಮಗೆ ಕುಚ್ಚಲಕ್ಕಿ ಇಟ್ಟುಕೊಂಡು, ನನಗೆ ಬೇರೆಯಾಗಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಮೆತ್ತನೆಯ ಗಂಜಿ ಮಾಡಿ ತರುತ್ತಿದ್ದರು.

ಆಗ ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ರಕ್ತನಾಳಕ್ಕೆ ಏರಿಸುತ್ತಿದ್ದ ಮದ್ದು, ಇನ್‌ಫ್ಯೂಷನ್, ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವಂಥದ್ದು. ಅದನ್ನು ತಪ್ಪಿಸಿದರೆ ಹುಣ್ಣು ಕೈಮೀರಿ ದೊಡ್ಡ ಕರುಳನ್ನೇ ತೆಗೆಯಬೇಕಾದೀತೆಂದು ಡಾಕ್ಟರು ಹೇಳಿದ್ದರು. ಹಾಕಿಸಿಕೊಂಡರೆ ಕೋವಿಡ್, ಬಿಟ್ಟರೆ ಆಪರೇಷನ್; ನನಗೆ ಎರಡರದ್ದೂ ಭಯ. ಅಮ್ಮ ವಾಟ್ಸಾಪಿನಲ್ಲಿ ಏನೋ ಓದಿ, ಆನ್‌ಲೈನ್‌ನಲ್ಲಿ ಅಣಬೆ ಪುಡಿಯ ಡಬ್ಬಿ ತರಿಸಿದಳು. ನಾಯಿಕೊಡೆ ಎಂದು ಮೂಗು ಮುರಿದು, ಅಣಬೆಯನ್ನು ಹೊಸಿಲು ದಾಟಲು ಬಿಡದಿದ್ದ ಹೆಂಗಸು! ಈ ಸಲ ಇನ್‌ಫ್ಯೂಷನ್ ಬೇಡ, ಪುಡಿಯೇ ಸಾಕು ಎಂದು ನಾನೂ ಒಪ್ಪಿದೆ. ಆಂಟಿಯ ಬಾಯಲ್ಲಿ ಹೂಂ ಅನ್ನಿಸಿಕೊಳ್ಳಲು ಇಬ್ಬರೂ ಡಬ್ಬಿ ಹಿಡಿದು ಹೋದೆವು.

ಆಂಟಿ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಅಣಬೆಯ ಯಾವ ಭಾಗ, ಯಾವ ಅಂಶ ಎಷ್ಟಿದೆ, ಒಂದೂ ಬರೆದಿರಲಿಲ್ಲ.

"ಇಲಿಗೆ ಗುಣ ಕಂಡದ್ದು ಹೌದು ಮಾರಾಯ್ತಿ. ನೀನು ಇಲಿಯಾ?" ಎಂದರು.

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಡಬ್ಬಿಯದ್ದು ಬೇಡದಿದ್ದರೆ ನಿಮ್ಮ ಲ್ಯಾಬಿನದನ್ನೇ ಸ್ವಲ್ಪ ಕೊಡಿ ಎಂದು ಪಟ್ಟು ಹಿಡಿದಳು. ಆಂಟಿ ಇಲ್ಲವೆಂದು ತಲೆಯಾಡಿಸಿದಾಗ, "ನಿಮ್ ಮಗಳಾಗಿದ್ರೆ ಹೀಗೇ ಸುಮ್ನಿರ್ತಿದ್ರಾ?" ಎಂದು ಕೇಳಿಯೇಬಿಟ್ಟಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಆಂಟಿ ಡಬ್ಬಿಯನ್ನು ಅಮ್ಮನ ಕೈಗೆ ವಾಪಸ್ ಕೊಟ್ಟು ಹೇಳಿದರು: "ಕೊಡ್ಲಿಕ್ಕೆ ನನಗೂ ಆಸೆ ಉಂಟು. ಮನುಷ್ಯರಿಗೆ ಎಂತ ಆಗ್ತದೆ ಅಂತ ಗೊತ್ತಿಲ್ಲದೆ ಕೊಟ್ರೆ ಅದು ಮದ್ದಲ್ಲ ಅಮ್ಮ, ನನ್ನ ಆಸೆ ಅಷ್ಟೇ."

ಮರುದಿನ ಅವರೇ ರಜೆ ಹಾಕಿ, ಕಾರು ತೆಗೆದು ನನ್ನನ್ನು ಇನ್‌ಫ್ಯೂಷನ್‌ಗೆ ಕರೆದೊಯ್ದರು. ಜೊತೆಗೆ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ; ಮುಗಿಯುವವರೆಗೂ ಪಾರ್ಕಿಂಗ್ ಲಾಟ್‌ನಲ್ಲೇ ಕೂತಿದ್ದರು. ಅಮ್ಮ ಕೆಲವು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಚಟ್ನಿಪುಡಿ ಮಾಡಿ ಅವರಿಗೆ ಕೊಟ್ಟುಬಂದಳು.

ಕಳೆದ ಚಳಿಗಾಲ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ಅವರ ಪ್ರಯೋಗ ಇನ್ನೂ ಇಲಿಗಳನ್ನು ದಾಟಿಲ್ಲ; ಲ್ಯಾಬಿನವರು ಮುಂದುವರಿಸಿದ್ದಾರೆ. ನನ್ನ ದೊಡ್ಡ ಕರುಳು ಇವತ್ತೂ ನನ್ನ ಹೊಟ್ಟೆಯಲ್ಲೇ ಇದ್ದರೆ, ಅದು ಅವತ್ತು ಅವರು ಇಲ್ಲ ಎಂದದ್ದರಿಂದ. ಆ ಋಣ ತೀರಿಸುವಂಥದ್ದಲ್ಲ.

ಮೊನ್ನೆ ಕೊಲೊನೋಸ್ಕೋಪಿ ಮಾಡಿದ ಡಾಕ್ಟರು ಹುಣ್ಣೆಲ್ಲ ಮಾಯ್ದಿದೆ ಎಂದರು. ಮನೆಗೆ ಬಂದವಳೇ ರಿಪೋರ್ಟ್ ತೋರಿಸೋಣವೆಂದು ಪಕ್ಕದ ಮನೆಯ ಡ್ರೈವ್‌ವೇವರೆಗೂ ಹೋಗಿಬಿಟ್ಟಿದ್ದೆ. ಅಲ್ಲಿ ಬೇರೆ ಯಾರದೋ ಕಾರು ನಿಂತಿತ್ತು.