ಅಮಾಸಿ ವಾರದ ಬಲೂನು

ನಿಮ್ಮ ನೌಕರಿ ಏನ್ರಿ ಅಂತ ಬೀಗರು ಕೇಳಿದರ, ಬಲೂನ ಬಿಡೂದು ಅಂತೀನಿ. ಅವರು ನಗತಾರ. ನಗಲಿ. ಗದಗ-ಬೆಟಗೇರಿ ಊರ ಹೊರಗ ಇರೂ ನಮ್ಮ ಸಣ್ಣ ಕೇಂದ್ರದಿಂದ ಪ್ರತಿ ಬುಧವಾರ ಮುಂಜಾನೆ ಒಂದು ದೊಡ್ಡ ಬಲೂನು ಏರತೈತಿ. ಅದಕ್ಕ ಒಂದು ಥರ್ಮಾಕೋಲ್ ಡಬ್ಬಿ ಕಟ್ಟಿರತೀವಿ. ವಿಮಾನ ಹಾರೂ ಎತ್ತರ ದಾಟಿ, ಇನ್ನೂ ಮ್ಯಾಲ ಹೋಗಿ ಬಲೂನು ಒಡಿಯೂತನಕ, ಯಾವ ಎತ್ತರದಾಗ ಓಝೋನ್ ಎಷ್ಟೈತಿ ಅಂತ ಆ ಡಬ್ಬಿ ರೇಡಿಯೋದಾಗ ನಮಗ ತಿಳಿಸಿಕೋಂತ ಹೋಗತೈತಿ. ಆಮ್ಯಾಲ ಗಾಳಿ ತಳ್ಳಿದ ಕಡೆ, ಒಮ್ಮೆ ಮುಂಡರಗಿ ಹೊಲದಾಗ, ಒಮ್ಮೆ ಶಿರಹಟ್ಟಿ ಕಡೆ ಬೀಳತೈತಿ. ಒಂದ್ಸಲ ಮಾಗಡಿ ಕೆರಿ ದಂಡಿಮ್ಯಾಲ ಬಿದ್ದು, ಹಕ್ಕಿ ನೋಡಾಕ ಬಂದವರು ಫೋನ್ ಮಾಡಿದ್ದರು.

ಓಝೋನ್ ಭಾಳ ನಾಜೂಕಿನ ವ್ಯವಹಾರ. ಮ್ಯಾಲ ಇದ್ದರ ಬಿಸಲಿನ ಕೆಟ್ಟ ಕಿರಣ ತಡದು ನಮ್ಮನ್ನ ಕಾಯತೈತಿ. ಅದ ಓಝೋನ್ ನೆಲದ ಹತ್ರ ಹೆಚ್ಚಾದರ ಮನಷಾಗ ಕೆಮ್ಮು, ಬೆಳಿಗೆ ಪೆಟ್ಟು. ಮ್ಯಾಲ ಕಮ್ಮಿ ಆದರೂ ಚಿಂತಿ, ಕೆಳಗ ಜಾಸ್ತಿ ಆದರೂ ಚಿಂತಿ. ಅದರ ಏರಿಳಿತ ಒಂದೆರಡು ವರ್ಷಕ್ಕ ಕಣ್ಣಿಗೆ ಬೀಳೂದಲ್ಲ. ಒಂದ ಜಾಗಾದಾಗ, ಒಂದ ರೀತಿಲೆ, ವರ್ಷಾನುಗಟ್ಟಲೆ ಅಳಿಬೇಕು. ಅದನ್ನ ನಾವು ಅಳದೀವಿ. ನನ್ನ ಮದುವಿಗಿಂತ ಮೊದಲ ಶುರುವಾದ ಕೆಲಸ ನನ್ನ ಮಗಳ ಮದುವಿ ಆದಮ್ಯಾಲೂ ನಿಂತಿಲ್ಲ.

ಹಿಂಗಿರೂವಾಗ ಕೇಂದ್ರ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ನಿಮ್ಮ ಬಲೂನು ಕೆಲವು ಸರಿ ಅದಾವ, ಆದರ ನಡುನಡುವ ಕೆಲವು ನೆಲದಿಂದ ತುದಿತನಕ ಎಲ್ಲಾ ಎತ್ತರದಾಗೂ ಕಮ್ಮಿ ತೋರಸತಾವ, ಉಪಗ್ರಹದ ಲೆಕ್ಕಕ್ಕ ಕೂಡಂಗಿಲ್ಲ, ಕಾರಣ ತಿಳಿಲಿಲ್ಲ ಅಂದರ ದೀರ್ಘಾವಧಿ ಲೆಕ್ಕದಿಂದ ನಿಮ್ಮ ಕೇಂದ್ರ ಬಿಡಬೇಕಾಗತೈತಿ ಅಂದರು. ನನಗ ಸಿಟ್ಟು ನೆತ್ತಿಗೇರಿತು. ನಮ್ಮ ಇಷ್ಟು ವರ್ಷದ ದುಡಿತ ಏನು, ಒರಸಿ ಬಿಸಾಡೂ ಕಸಾನ? ಮನಿಗೆ ಬಂದು ಭಾಂಡೆ ಮ್ಯಾಲ ಸಿಟ್ಟು ತೀರಿಸಿಕೊಂಡೆ.

ಡಬ್ಬಿ ತಯಾರ ಮಾಡೂದು ನನ್ನ ಕೆಲಸ. ಒಳಗ ಒಂದು ಸಣ್ಣ ಪಂಪು ನಳಿಗಿಯಿಂದ ಗಾಳಿ ಎಳದು ಔಷಧದ ನೀರಿಗೆ ಬಿಡತೈತಿ. ನಳಿಗಿ ಹೊಲಸಾದರ ಆ ಹೊಲಸು ಓಝೋನನ್ನ ಅಲ್ಲೇ ತಿಂದುಬಿಡತೈತಿ, ಅಳತಿ ಕಮ್ಮಿ ಬರತೈತಿ. ಅದಕ್ಕ ನಾನು ಖೋಲಿಯಾಗ ಚಾ ಸೈತ ಕುಡಿಯಾಕ ಬಿಡಂಗಿಲ್ಲ. ಹಂಗಾರ ತಪ್ಪೆಲ್ಲಿ?

ತಪ್ಪು ನನ್ನ ಮೂಗಿಗೇ ಬಂತು. ಬಲೂನಿಗೆ ಗ್ಯಾಸ್ ತುಂಬೂ ಹಿರಿಯಾರೊಬ್ಬರು ನಮ್ಮಲ್ಲಿ ಅದಾರ, ಬೆಟಗೇರಿಯವರು. ನಾನು ಕಾಕಾ ಅಂತೀನಿ, ಅವರು ನನಗ ಬಾಯಾರ ಅಂತಾರ. ನಮ್ಮ ಕಡೆ ಅಮಾಸಿಗೆ ಟ್ರ್ಯಾಕ್ಟರ್, ಅಂಗಡಿ ತಕ್ಕಡಿ, ಗಿರಣಿ, ಎಲ್ಲಾಕ್ಕೂ ಪೂಜಾ ಆಗತೈತಿ. ಕಾಕಾನೂ ಅಮಾಸಿ ವಾರದ ಬಲೂನಿಗೆ ಪೂಜಾ ಮಾಡವರ. ಗ್ಯಾಸಿನ ಶೆಡ್ಡಿನಾಗ ಬೆಂಕಿ ಕಡ್ಡಿ ಗೀರಿದರ ಎಲ್ಲಾರೂ ಹೋಗೂದ, ಹಿಂಗಾಗಿ ಪೂಜಾ ನನ್ನ ಖೋಲಿಯಾಗ ನಡಿತಿತ್ತು. ದೇವರ ಹೊಗಿ ಅಂತ ನಾನೂ ಬ್ಯಾಡ ಅಂದಿರಲಿಲ್ಲ. ಸಾಹೇಬರು ಬಂದು ಹೋದಮ್ಯಾಲಿನ ಅಮಾಸಿಗೂ ಲಕ್ಷ್ಮೇಶ್ವರದ ಲೋಬಾನ ಕೆಂಡಕ್ಕ ಹಾಕಿ, ಡಬ್ಬಿ ಸುತ್ತ ಭಕ್ತಿಲೆ ಹೊಗಿ ಆಡಿಸಿದರು. ನಾನು ಕೈ ಮುಗದು ನಿಂತಾಕಿ ಒಂದು ಸೀನು ಸೀನಿದೆ. ಪಂಪು ಗರ್ ಅಂತ ನಡದಿತ್ತು. ಆ ಹೊಗಿನ ಅದೂ ಎಳಕೊಳ್ಳಾಕತ್ತಿತ್ತು.

ಕೂಡಿಟ್ಟಿದ್ದ ಹಳೇ ಪಂಚಾಂಗ ಎಲ್ಲಾ ತೆಗದು ತಾಳೆ ನೋಡಿದರ, ಕಮ್ಮಿ ತೋರಿಸಿದ ಬಲೂನೆಲ್ಲಾ ಅಮಾಸಿ ವಾರದ್ದ. ಸಾಹೇಬರು ತಿಂಗಳ ಹಿಡದು ಹುಡುಕಿದ್ದರು, ಮಳಿಗಾಲ ಚಳಿಗಾಲ ಹಿಡದು ಹುಡುಕಿದ್ದರು. ಅಮಾಸಿ ಹಿಡದು ಹುಡುಕೂದು ಅವರಿಗೆ ಹೆಂಗ ಹೊಳಿಬೇಕು, ಪಾಪ!

ಖರೆ ಕಷ್ಟ ಆಮ್ಯಾಲ ಶುರುವಾತು. ಕಾಕಾಗ ಹೆಂಗ ಹೇಳಲಿ? ಏರಿದ್ದು ಸುಖರೂಪ ಏರಲಿ ಅಂತ ಬೇಡಿಕೊಂಡ ಮನಷಾಗ, ನಿಮ್ಮ ಪೂಜಾದಿಂದ ಕೆಟ್ಟೈತಿ ಅನ್ನಬೇಕು. ಎರಡು ದಿನ ನುಂಗಿಕೊಂಡೆ, ಮೂರನೇ ದಿನ ಹೇಳಿಬಿಟ್ಟೆ. ಅವರ ಮುಖ ಸಣ್ಣದಾತು.

"ಒಂದ ಬಲೂನಿಗೆ ಎರಡು ಡಬ್ಬಿ ಕಟ್ರಿ ಬಾಯಾರ," ಅಂದರು ಕಡೀಕ. "ಒಂದಕ್ಕ ನಾನ ಲೋಬಾನ ಹಾಕತೀನಿ, ಇನ್ನೊಂದು ಹಂಗ ಇರಲಿ. ಮ್ಯಾಲ ಹೋಗಿ ಅವ ಹೇಳಲಿ."

ಸಾಹೇಬರಿಗೆ ತಿಳಿಸಿ, ಒಪ್ಪಿಗಿ ತಗೊಂಡು, ಮುಂದಿನ ಬುಧವಾರ ಜೋಡೆತ್ತಿನಂಗ ಎರಡೂ ಕಟ್ಟಿ ಬಿಟ್ಟಿವಿ. ಲೋಬಾನದ ಡಬ್ಬಿ ಲೆಕ್ಕ ಬಲೂನು ಅಸುಂಡಿ ಊರು ದಾಟೂದರಾಗ ಕಮ್ಮಿ ಬಿತ್ತು, ತುದಿತನಕ ಕಮ್ಮಿನ ಉಳೀತು. ಲೋಬಾನ ಹಾಕದ ಡಬ್ಬಿ ಉಪಗ್ರಹದ ಲೆಕ್ಕಕ್ಕ ಸರಿಯಾಗಿ ಕೂಡಿತು. ಕಾಕಾ ಕಂಪ್ಯೂಟರ್ ಪರದೆ ಮುಂದ ನಿಂತು ಎಲ್ಲಾ ನೋಡಿದರು. ಆತ್ರಿ, ಅಂದು ಹೊರಗ ಹೋದರು. ಅವರ ಬೆನ್ನು ನೋಡಿ ನನಗ ಗೆದ್ದ ಖುಷಿ ಅರ್ಧ ಆತು.

ವರದಿಯಾಗ ಕಾರಣ 'ಹೊಗೆಯ ಸೋಂಕು' ಅಂತ ಬರೀರಿ ಸಾಕು ಅಂತ ಸಾಹೇಬರು ಅಂದರು. ನಾನು ಒಪ್ಪಲಿಲ್ಲ. ಅಮಾಸಿ ಪೂಜಾ ಅಂತನ ಬರದೆ, ಮತ್ತ ಅದನ್ನ ಕಂಡುಹಿಡಿಯಾಕ ಎರಡು ಡಬ್ಬಿ ಕಟ್ಟೂ ಯುಕ್ತಿ ಯಾರದಂತನೂ ಬರದೆ. ಅಮಾಸಿ ವಾರದ್ದೆಲ್ಲಾ ಬ್ಯಾರೆ ತೆಗದರು. ಉಳಿದದ್ದೆಲ್ಲಾ ಗಟ್ಟಿ ನಿಂತಿತು, ನಮ್ಮ ಕೇಂದ್ರ ಲೆಕ್ಕದಾಗ ಉಳೀತು.

ಮೊನ್ನೆ ಆ ದೊಡ್ಡ ಲೆಕ್ಕದ ನಕ್ಷೆ ಬಂತು. ಒಂದೊಂದು ಎತ್ತರಕ್ಕ ಒಂದೊಂದು ಗೆರಿ. ಭಾಳ ಮ್ಯಾಲಿನ ಗೆರಿ ಇಷ್ಟಿಷ್ಟ ಸುಧಾರಿಸಿಕೊಳ್ಳಾಕತ್ತೈತಿ, ನೆಲದ ಹತ್ರದ್ದು ಏರಾಕತ್ತೈತಿ. ಕೆಳಗ ಬರದಿದ್ದ ಕೇಂದ್ರಗಳ ಹೆಸರಿನಾಗ ನಮ್ಮ ಗದಗನ್ನ ಬಟ್ಟಿಟ್ಟು ಕಾಕಾಗ ತೋರಿಸಿದೆ. ಎದಿ ಉಬ್ಬಿತ್ತು ನನಗ, ಸುಳ್ಳ್ಯಾಕ ಹೇಳಲಿ. ಕಾಕಾ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದರು. ಪೂಜಾ ಮಾಡಿದ ಬಲೂನು ಇದರಾಗ ಅದಾವೇನ್ರಿ ಅಂತ ಕೇಳಿದರು. ಇಲ್ಲ ಕಾಕಾ, ತೆಗದಾರ, ಅಂದೆ.

"ಇರಲಿ ಬಿಡ್ರಿ," ಅಂದರು. "ಉಳಿದಿದ್ದಕ್ಕೆಲ್ಲಾ ಗ್ಯಾಸ್ ತುಂಬಿದಾಂವ ನಾನ."